ಕೌದಿ ಆಯಿ ಕಟ್ಟಿದ ಪಟ್ಟಿ

ಕೌದಿ ಆಯಿಯ ಮೇಲಿನ ಮುಂಬಲ್ಲಿನ ತುದಿಯಲ್ಲಿ ಒಂದು ಕಚ್ಚು ಇತ್ತು. ಯಾರೋ ಸಣ್ಣ ಗರಗಸದಿಂದ ಕೊಯ್ದಂತೆ, ಸರಿಯಾಗಿ ಒಂದು ದಾರ ಹಿಡಿಯುವಷ್ಟು. ನಲವತ್ತು ವರ್ಷ ದಾರವನ್ನು ಅದೇ ಜಾಗದಲ್ಲಿ ಇಟ್ಟು ಕಚ್ಚಿ ಹರಿದು ಹಲ್ಲು ಹಾಗೆ ಸವೆದಿತ್ತು. ನಕ್ಕರೆ ಮೊದಲು ಆ ಕಚ್ಚೇ ಕಾಣುತ್ತಿತ್ತು. ಅದರೊಳಗಿಂದ ಆಕೆ ಸುಯ್ ಎಂದು ಗಾಳಿ ಬಿಟ್ಟಳೆಂದರೆ ಊರಿನ ಬೀದಿನಾಯಿಗಳೆಲ್ಲ ಎಲ್ಲಿದ್ದರೂ ಎದ್ದು ಬರುತ್ತಿದ್ದವು. ಹೆಂಗಸು ಸಿಳ್ಳೆ ಹಾಕಬಾರದು ಎಂದು ಯಾರಾದರೂ ಗದರಿದರೆ, "ನಾ ಎಲ್ಲಿ ಹಾಕೇನಿ? ಹಲ್ಲು ಹಾಕೇತಿ. ಹಲ್ಲಿಗೆ ಬೈರಿ" ಅನ್ನುತ್ತಿದ್ದಳು.

ನಾನು ಕಲಿತದ್ದು ಎರಡು ವರ್ಷದ ಸಾಲಿ. ಬರೆಯುವುದು ರೂಢಿಯಿಲ್ಲ. ಆದರೂ ಬರೆಯಬೇಕೆನಿಸಿದೆ, ಏಕೆಂದರೆ ನಿನ್ನೆಯಿಂದ ನನ್ನ ಸಂತೋಷ ನನ್ನೊಳಗೆ ಹಿಡಿಸುತ್ತಿಲ್ಲ. ನಿನ್ನೆ ನಮ್ಮ ಓಣಿಯ ನಾಯಿಗಳಿಗೆಲ್ಲ ಸೂಜಿ ಹಾಕಿದರು. ನನ್ನ ಮೊಮ್ಮಗಳು ಪಂಚಾಯ್ತಿಗೆ ಅರ್ಜಿ ಕೊಟ್ಟು, ಮೇಲಿಂದ ಮೇಲೆ ಅಲೆದು, ದನದ ಡಾಕ್ಟರನ್ನು ಕರೆಸಿದ್ದಳು. ಹುಚ್ಚು ಹಿಡಿಯದ ಹಾಗೆ ಸೂಜಿಯಂತೆ. ಅಂಥದೊಂದು ಲೋಕದಲ್ಲಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಕಟ್ಟೆಯ ಮೇಲೆ ಕುಳಿತು ಒಂದೊಂದು ನಾಯಿಯನ್ನೂ ನೋಡಿದೆ. ಡಾಕ್ಟರು ಚೀಲ ಮುಚ್ಚಿಕೊಂಡು ಹೋದರೂ ನಾನು ಏಳಲಿಲ್ಲ. ಮೊಮ್ಮಗಳು ಬಂದು, "ಯಾಕ ಅಮ್ಮಾ, ಅಳಾಕತ್ತೀ ಏನು?" ಎಂದಳು. ಅಳುತ್ತಿರಲಿಲ್ಲ. ನನಗೆ ಆಯಿ ನೆನಪಾಗಿದ್ದಳು. ಆಕೆಯ ವಿಷಯ ಈ ಹುಡುಗಿಗೆ ಒಮ್ಮೆಯೂ ಹೇಳಿಲ್ಲವಲ್ಲ ಎಂದು ನನಗೇ ದಿಗಿಲಾಯಿತು.

ಆಯಿಯ ಹೆಸರು ಏನೆಂದು ಕೇಳಬೇಡಿ. ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದಳು, ಎಲ್ಲರೂ ಕೌದಿ ಆಯಿ ಅನ್ನುತ್ತಿದ್ದರು, ಅಷ್ಟೆ. ಆಕೆಯವರು ಊರೂರು ತಿರುಗಿ ಕೌದಿ ಹೊಲಿಯುವ ಜನ. ಅವರೆಲ್ಲ ಮುಂದಿನ ಊರಿಗೆ ಹೋಗಿದ್ದರು, ಈಕೆ ಒಬ್ಬಳು ನಮ್ಮೂರ ಹಾಳು ಮಂಟಪದಲ್ಲಿ ಉಳಿದಿದ್ದಳು. ಯಾಕೆ ಉಳಿದಳೆಂದು ನಾನು ಮೊದಲು ಕೇಳಲೇ ಇಲ್ಲ.

ನಮ್ಮೂರು ಅಂದರೆ ನನ್ನ ಗಂಡನ ಊರು, ಕುಷ್ಟಗಿಯಿಂದ ಯಲಬುರ್ಗಿಯ ಕಡೆಗೆ ಬರುವ ಬಂಡಿ ದಾರಿಯಲ್ಲಿದೆ. ನಾನು ಕಿನ್ನಾಳದಿಂದ ಸೊಸೆಯಾಗಿ ಬಂದಾಗ ನನಗೆ ಹದಿನಾಲ್ಕೋ ಹದಿನೈದೋ. ನಿಜಾಮನ ಕಾಲ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತಂತೆ, ಇಲ್ಲಿ ನಮಗೆ ಅರಿವೆ ಸಿಗುತ್ತಿರಲಿಲ್ಲ. ಒಂದು ಸೀರೆ ಹರಿದರೆ ಇನ್ನೊಂದು ಎಲ್ಲಿಂದ ತರಬೇಕು ಎಂದು ಹೆಂಗಸರು ನಿದ್ದೆಗೆಡುತ್ತಿದ್ದ ಕಾಲ. ನನ್ನ ಮದುವೆಗೆ ಮೊದಲ ವರ್ಷ ಅವ್ವ ಜ್ವರದಲ್ಲಿ ತೀರಿಹೋಗಿದ್ದಳು. ಅವಳದೊಂದು ಹಳೆಯ ಇಳಕಲ್ ಸೀರೆ ನನ್ನ ಟ್ರಂಕಿನಲ್ಲಿತ್ತು. ಉಡಲು ಬರುವಂತಿರಲಿಲ್ಲ, ನಡುವೆಲ್ಲ ಜಾಳುಜಾಳಾಗಿತ್ತು. ಆದರೆ ಅಂಚಿನ ಗೋಮಿ ದಡಿ ಮಾತ್ರ ಗಟ್ಟಿಯಾಗಿ, ಕೆಂಪಗೆ, ನಿನ್ನೆ ನೇಯ್ದಂತಿತ್ತು. ಅತ್ತೆ ಒಂದು ದಿನ ಅಂದರು: "ಟ್ರಂಕಿನ್ಯಾಗ ಇಟ್ಟರ ಜಿರಳಿ ತಿಂತಾವ. ಕೌದಿ ಆಯಿಗಿ ಕೊಡು. ನಿಮ್ಮವ್ವನ್ನ ಹೊಚಗೊಂಡು ಮಲಗೀಯಂತ."

ಹೀಗೆ ಆಯಿ ನಮ್ಮ ಪಡಸಾಲೆಗೆ ಬಂದು ಕುಳಿತಳು. ಒಂದು ಮನೆಯ ಬಟ್ಟೆಯನ್ನು ಇನ್ನೊಂದು ಮನೆಯ ಬಟ್ಟೆಯೊಂದಿಗೆ ಆಕೆ ಕೂಡಿಸುತ್ತಿರಲಿಲ್ಲ. ಉಳಿದ ತುಂಡುಗಳನ್ನು ಮನೆಗೊಂದು ಗಂಟು ಮಾಡಿ ಮಂಟಪದಲ್ಲಿ ಸಾಲಾಗಿ ಇಟ್ಟಿದ್ದಳು. ಇಪ್ಪತ್ತು ವರ್ಷದ ಹಿಂದಿನ ತುಂಡು ತೋರಿಸಿದರೂ "ಇದು ಗಾಣದವರ ಹಿರೇ ಸೊಸಿ ಕುಬಸ" ಎಂದು ಥಟ್ಟನೆ ಹೇಳುವಳು. ಕೌದಿ ಮುಗಿಯುವ ಹೊತ್ತಿಗೆ ನಟ್ಟನಡುವೆ ಒಂದು ಚೌಕ ತೇಪೆ ಉಳಿಸಿ, ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತೇವೆ. ಹೊಟ್ಟೆ ಹಸಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲ.

ಕೂಲಿಯಾಗಿ ಆಕೆಗೆ ಜೋಳ ಮತ್ತು ದಿನಕ್ಕೆ ನಾಲ್ಕು ರೊಟ್ಟಿ. ಎರಡು ಆಕೆಗೆ, ಎರಡು ನಾಯಿಗಳಿಗೆ. ಅತ್ತೆ ಇದನ್ನು ಕಂಡು, "ಅವಕ್ಯಾಕ ಹಾಕ್ತೀಯಬೇ, ನಿನಗ ದವಡಿ ಹಲ್ಲಿಲ್ಲಂತ ನಾ ಮೆತ್ತಗ ಮಾಡಿ ಕೊಟ್ಟೀನಿ" ಅಂದರೆ, "ಅವೂ ಅದನ್ನ ಅಂದ್ವು ನೋಡವ್ವ, ಇವತ್ತಿನ ರೊಟ್ಟಿ ಮೆತ್ತಗ ಅದಾವ ಅಂತ" ಎಂದು ದಾರ ಕಚ್ಚಿದಳು.

ಚಳಿಗಾಲದಲ್ಲಿ ಆಕೆಗೆ ಇನ್ನೊಂದು ಕೆಲಸ. ಎಳ್ಳಮಾವಾಸ್ಯೆ ಕಳೆದ ಮೇಲೆ ನಮ್ಮ ಎರೆಮಣ್ಣಿನ ಸೀಮೆಯ ಗಾಳಿ ಮೈ ಕೊಯ್ಯುತ್ತದೆ. ಆಗ ನಾಯಿಗಳು ತಿಪ್ಪೆಗೆ ಚೆಲ್ಲಿದ ಒಲೆಯ ಬೂದಿಯಲ್ಲಿ ಮಲಗುತ್ತವೆ. ಬೂದಿಯ ಅಡಿಯಲ್ಲಿ ಕೆಂಡ ಉಳಿದಿದ್ದರೆ ಹೊಟ್ಟೆ, ತೊಡೆ ಸುಟ್ಟುಕೊಳ್ಳುತ್ತವೆ, ಚಳಿಗೆ ಅಂಜಿ ಸುಟ್ಟರೂ ಏಳುವುದಿಲ್ಲ. ಆಯಿ ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು: "ಬೂದಿಗೆ ಒಂದು ಚರಿಗಿ ನೀರು ಚಿಮುಕಿಸಿ ಚೆಲ್ರವ್ವ. ಬೆಚ್ಚಗಿರ್ಲಿ, ಸುಡೂದು ಬ್ಯಾಡ." ಕೆಲವರು ಕೇಳುತ್ತಿದ್ದರು, ಕೆಲವರು ಅವಳ ಎದುರಿಗೇ ಕೆಂಡ ಸಮೇತ ಚೆಲ್ಲುತ್ತಿದ್ದರು. ಆಕೆ ಜಗಳ ಆಡುತ್ತಿರಲಿಲ್ಲ. ಕಡ್ಡಿ ತೆಗೆದುಕೊಂಡು ಬೂದಿ ಕೆದರಿ ಕೆಂಡ ಆರಿಸಿ ಹೋಗುತ್ತಿದ್ದಳು. ನಾಯಿಗಳನ್ನೂ ಹಾಗೇ ಕರೆಯುವಳು: ಗಾಣದ ಬೂದಿ, ಗೌಡರ ಬೂದಿ, ಕುಂಬಾರರ ಬೂದಿ. ನಮ್ಮ ತಿಪ್ಪೆಯಲ್ಲಿ ಮಲಗುವ ಕೆಂದ ಹೆಣ್ಣುನಾಯಿ "ನಿಮ್ಮ ಬೂದಿ". ಯಾವುದರ ಹೊಟ್ಟೆ ಯಾವ ಮನೆಯ ಒಲೆಯಿಂದ ಬೆಚ್ಚಗಿದೆಯೋ ಅದು ಆ ಮನೆಯದು ಎಂಬುದು ಆಕೆಯ ಲೆಕ್ಕ.

ಒಮ್ಮೆ ನಾನು ನೆಗಡಿಯಾಗಿ ಸೀನುತ್ತಿದ್ದೆ. "ಚಳಿ ಅಂಬೋದು ಮೂಗಿನಿಂದ ಒಳಗ ಹೋಗತೈತಿ ತಂಗಿ," ಎಂದಳು. "ಅದಕ್ಕ ನಾಯಿ ಬಾಲ ತಂದು ಮೂಗಿಗೆ ಮುಚ್ಚತಾವ. ನೀವು ಶಾಣ್ಯಾರು ಕಾಲು ಮುಚ್ಚಿ ಮೂಗು ಬಿಡ್ತೀರಿ." ಈಗಲೂ ನಾನು ಮೂಗು ಮುಚ್ಚಿಯೇ ಮಲಗುತ್ತೇನೆ. ಸೊಸೆಯಂದಿರು ನಗುತ್ತಾರೆ.

ಆ ವರ್ಷ ಆಯಿ ಒಂದು ಹೊಸ ಕೆಲಸ ಮಾಡಿದಳು. ಯಾರಿಗೂ ಬೇಡವಾದ ಚಿಂದಿ, ಹರಿದ ಗೋಣಿ ಕೂಡಿಸಿ ನಾಯಿಗಳಿಗೆಂದೇ ಹತ್ತೋ ಹನ್ನೆರಡೋ ಸಣ್ಣ ಕೌದಿ ಹೊಲಿದು, ಚಾವಡಿಯ ಮೆಟ್ಟಿಲ ಕೆಳಗೆ, ಗಾಣದ ಹಿಂದೆ, ಹಾಳು ಗೋಡೆಯ ಮೂಲೆಯಲ್ಲಿ ಹಾಸಿದಳು. ಮರುದಿನ ನೀರಿಗೆ ಹೋದವರು ನೋಡಿದರೆ ಊರ ತುಂಬ ಚಿಂದಿ ಹಾರಾಡುತ್ತಿತ್ತು. ಒಂದು ಕೌದಿಯೂ ಇಡಿಯಾಗಿ ಉಳಿದಿರಲಿಲ್ಲ. ನಾಯಿಗಳು ಬಾಯಿಯಲ್ಲಿ ದಾರ ಜೋತುಬಿಟ್ಟುಕೊಂಡು ತಿರುಗುತ್ತಿದ್ದವು. ನಾನು ಬೆರಗಾಗಿ ನಿಂತೆ. ಅತ್ತೆ ಕೊಡ ಇಳಿಸಿ, ನಕ್ಕು ನಕ್ಕು ಸೊಂಟ ಹಿಡಿದುಕೊಂಡು, ಚಿಂದಿ ಆರಿಸುತ್ತಿದ್ದ ಆಯಿಯನ್ನು ಕೇಳಿದರು:

"ಆಯೀ, ಅವುಗಳಿಗೂ ಹೊಟ್ಟಿ ತುಂಬಿಸಿದ್ದೇನು?"

ಆಯಿ ಹಣೆ ಬಡಿದುಕೊಂಡಳು. ಕೌದಿ ಎಂದ ಮೇಲೆ ಹೊಟ್ಟೆ ತುಂಬಿಸಬೇಕು, ತುಂಬಿಸಿದ್ದಳು. ಪ್ರತಿಯೊಂದರ ನಡುವೆಯೂ ಒಂದೊಂದು ಚೂರು ರೊಟ್ಟಿ. ಹಸಿದ ನಾಯಿಯ ಹೊಟ್ಟೆಯ ಕೆಳಗೆ ರೊಟ್ಟಿ ಹೊಲಿದಿಟ್ಟರೆ ಅದು ಮಲಗೀತೇ? "ಹೊಲಿಯೋವಾಗ ಕೈ ತಾನ ಇಟ್ಟಬಿಡ್ತವ್ವ," ಎಂದಳು. ಮತ್ತೆ ಹೊಲಿದಳು. ಬರಿ ಹೊಟ್ಟೆಯಲ್ಲಿ ಬಿಡಲು ಈ ಸಲವೂ ಮನಸ್ಸಾಗಲಿಲ್ಲ, ರೊಟ್ಟಿಯ ಬದಲು ಬೇವಿನ ಎಲೆ ತುಂಬಿದಳು. ಅವನ್ನು ಯಾವ ನಾಯಿಯೂ ಹರಿಯಲಿಲ್ಲ. ಮೈಗೆ ಕಚ್ಚುವ ಉಣ್ಣೆಹುಳದ ಕಾಟವೂ ಕಡಿಮೆಯಾಯಿತು.

ಆ ಎರಡನೆಯ ಕೌದಿಗಳು ಹಾಸಿ ಇನ್ನೂ ಎಂಟು ದಿನವಾಗಿರಲಿಲ್ಲ, ಡಂಗುರ ಸಾರಿದರು. ಅಕ್ಕಪಕ್ಕದ ಹಳ್ಳಿಗಳಲ್ಲಿ ಹುಚ್ಚುನಾಯಿ ಕಚ್ಚಿ ಜನ ಸತ್ತಿದ್ದಾರೆ, ಹುಕುಂ ಬಂದಿದೆ, ನಾಲ್ಕನೆಯ ದಿನ ತಾಲೂಕಿನ ಸಾಹೇಬರು ಬರುತ್ತಾರೆ, ಬೀದಿನಾಯಿಗಳಿಗೆಲ್ಲ ಕುಚಲಾ ಹಾಕುತ್ತಾರೆ. ಕುಚಲಾ ಅಂದರೆ ರೊಟ್ಟಿಯಲ್ಲಿ ಕಲಸಿ ಹಾಕುವ ವಿಷ. ಕೊರಳಲ್ಲಿ ಪಟ್ಟಿ ಇದ್ದು, ಮಾಲೀಕ ಮುಂದೆ ಬಂದು ನನ್ನದು ಅಂದ ನಾಯಿಯನ್ನು ಮಾತ್ರ ಬಿಡುತ್ತಾರೆ. ಅದನ್ನು ದಫ್ತರದಲ್ಲಿ ಮಾಲೀಕನ ಹೆಸರಿಗೆ ಬರೆಯುತ್ತಾರೆ. ನಾಳೆ ಅದು ಯಾರನ್ನಾದರೂ ಕಚ್ಚಿದರೆ ಜಿಮ್ಮೇದಾರಿ ಅವನದೇ.

ಜನ ಸಮಾಧಾನಪಟ್ಟರು, ಸುಳ್ಳು ಯಾಕೆ ಹೇಳಲಿ. ನನಗೂ ಹುಚ್ಚುನಾಯಿ ಅಂದರೆ ಎದೆ ನಡುಗುತ್ತಿತ್ತು.

ಆಯಿ ಚಾವಡಿಗೆ ಹೋಗಿ ಊರ ಗೌಡರನ್ನು ಕೇಳಿದಳು: "ಪಟ್ಟಿ ಎಂಥಾದ್ದಿರಬೇಕ್ರಿ ಯಪ್ಪಾ? ತೊಗಲಿಂದ ಇರಬೇಕೇನು?"

"ಎಂಥಾದ್ದರ ಇರಲಿ, ಪಟ್ಟಿ ಇರಬೇಕು, ಮಾಲೀಕ ಇರಬೇಕು. ನೀ ಮಂಟಪಕ್ಕ ಹೋಗಿ ಹೊಲಿಗಿ ಹಾಕ, ಹೋಗ."

ಆಕೆ ಹಾಗೇ ಮಾಡಿದಳು. ಮೂರು ದಿನ ಯಾರ ಮನೆಗೂ ಹೊಲಿಯಲು ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಬಾವಿಗೆ ಹೋಗುವಾಗ ಮೊದಲು ಕೂಗಿದವಳು ಗಾಣದವರ ಸೊಸೆ. "ಯವ್ವಾ, ಇದು ನನ್ನ ಬಸರಿ ಹೊತ್ತಿನ ಸೀರಿ ಸೆರಗು." ಅವಳ ಮುಂದೆ ಕರಿ ನಾಯಿಯೊಂದು ಕೊರಳಲ್ಲಿ ಹಸಿರು ಪಟ್ಟಿ ಕಟ್ಟಿಕೊಂಡು ಕುಳಿತಿತ್ತು. ಹೊಲಿಗೆ ಕೌದಿಯ ಹೊಲಿಗೆ, ಒತ್ತೊತ್ತಾಗಿ. ಆಮೇಲೆ ಗೌಡಸಾನಿ ತನ್ನ ಅತ್ತೆಯ ಪತ್ತಲ ಗುರುತಿಸಿದಳು. ಕುಂಬಾರರಾಕೆ ತನ್ನ ಗಂಡನ ರುಮಾಲು ಗುರುತಿಸಿ, "ಇವನ ತಲಿಮ್ಯಾಲಿದ್ದಾಗ ಇಷ್ಟು ಛಂದ ಕಾಣತಿದ್ದಿಲ್ಲಬಿಡು" ಎಂದಳು. ನಾನೂ ನಕ್ಕೆ. ನಗುತ್ತಲೇ ಮನೆಗೆ ತಿರುಗಿದೆ.

ನಮ್ಮ ತಿಪ್ಪೆಯ ಮೇಲೆ ಕೆಂದ ನಾಯಿ ಮಲಗಿತ್ತು. ಅದರ ಕೊರಳಲ್ಲಿ ನನ್ನವ್ವನ ಸೀರೆಯ ಗೋಮಿ ದಡಿ ಇತ್ತು.

ಕೊಡ ಕೈಯಿಂದ ಜಾರಿತು. ಹಿತ್ತಾಳೆಯ ಕೊಡ, ಒಂದು ಕಡೆ ತಗ್ಗಾಯಿತು. ಅವ್ವ ತೀರಿಕೊಂಡ ದಿನವೂ ನನಗೆ ಅಷ್ಟು ಉರಿ ಬಂದಿರಲಿಲ್ಲ. ಆ ದಡಿ ನನ್ನ ಕೌದಿಯ ಸುತ್ತಂಚಿಗೆ ಬರಬೇಕಾದದ್ದು. ಅದನ್ನು ಹೊದ್ದಾಗ ಗದ್ದಕ್ಕೆ ತಾಗಬೇಕು ಎಂದು ನಾನೇ ಬಾಯಿಬಿಟ್ಟು ಕೇಳಿಕೊಂಡಿದ್ದೆ. ನಾನು ತಲೆಯ ಮೇಲೆ ಸೆರಗೂ ಸರಿಮಾಡಿಕೊಳ್ಳದೆ ಮಂಟಪಕ್ಕೆ ಓಡಿದೆ.

ಆಯಿ ಕೊನೆಯ ಪಟ್ಟಿಗೆ ಗಂಟು ಹಾಕುತ್ತಿದ್ದಳು. ಆಕೆಯ ಮೂರು ಕಲ್ಲಿನ ಒಲೆಯ ಬೂದಿಯಲ್ಲಿ ಮೂರು ನಾಯಿ ಮಲಗಿದ್ದವು. ಅವುಗಳ ಪಟ್ಟಿ ಆಕೆಯದೇ ಸೀರೆಯದು, ಉಟ್ಟದ್ದರಿಂದಲೇ ಹರಿದಿದ್ದಳು.

"ನಮ್ಮವ್ವನ ದಡಿ ನಾಯಿಗಿ ಕಟ್ಟೀಯಲ್ಲ," ಅಂದೆ.

"ಕಟ್ಟೀನಿ."

"ಬ್ಯಾರೆ ಚಿಂದಿ ಇರಲಿಲ್ಲೇನು?"

"ಬೇಕಾದಷ್ಟು ಇದ್ದುವು," ಎಂದಳು ಆಯಿ. "ಚಿಂದಿ ಕಟ್ಟಿದ್ರ ಅದನ್ನ ನಂದು ಅಂತ ಯಾರಂತಾರ ತಂಗಿ? ಎದ್ಯಾಗ ಚುರುಕ್ ಅನ್ನೂದು ಕಟ್ಟಿದ್ರ ಒಬ್ಬರರ ಅಂದಾರು. ಕೇಳಿದ್ರ ನೀ ಕೊಡತಿದ್ದಿಲ್ಲ, ಅದಕ್ಕ ಕೇಳಲಿಲ್ಲ. ನಂದು ತಪ್ಪೈತಿ. ಬೈ."

ಬೈಯಲು ಬಂದವಳಿಗೆ ಬೈ ಎಂದರೆ ಏನು ಮಾಡಬೇಕು? ಕಾಲು ಬಡಿದು ಮನೆಗೆ ಬಂದೆ, ಅಡುಗೆಮನೆಯಿಂದ ಈಳಿಗೆ ತೆಗೆದುಕೊಂಡು ತಿಪ್ಪೆಗೆ ಹೊರಟೆ. ದಡಿ ಬಿಚ್ಚಿಕೊಂಡು ಬರುವುದೆಂದು ನಿಶ್ಚಯಿಸಿದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಸಂಗತಿ ಕೇಳಿ, ಕೈಯಿಂದ ಈಳಿಗೆ ಕಸಿದುಕೊಂಡರು.

"ಕುಂದರು. ನಿನಗ ಆಕಿ ಮಮ್ಮಗನ ವಿಷಯ ಗೊತ್ತಿಲ್ಲ."

ಆಯಿಗೆ ಒಬ್ಬ ಮಗಳಿದ್ದಳು. ನಮ್ಮೂರಲ್ಲೇ ಸಂಸಾರ ಮಾಡಿಕೊಂಡಿದ್ದಳು, ಅದಕ್ಕೇ ಆಯಿ ಇಲ್ಲಿ ಉಳಿದದ್ದು. ನಾನು ಬರುವ ಎರಡು ವರ್ಷ ಮೊದಲು ಆ ಮಗಳ ಕೂಸಿಗೆ, ಆರು ವರ್ಷದ ಹುಡುಗನಿಗೆ, ಹುಚ್ಚುನಾಯಿ ಕಚ್ಚಿತು. ಆಯಿಯೇ ರೊಟ್ಟಿ ಹಾಕಿ ಬೆಳೆಸಿದ ನಾಯಿ. ಹುಡುಗ ನೀರು ಕಂಡರೆ ಚೀರುತ್ತಾ ಸತ್ತ. ಮಗಳು ತಾಯಿಯ ಮುಖಕ್ಕೆ ಬೂದಿ ಎರಚಿ, ಗಂಡನೊಂದಿಗೆ ಗಂಗಾವತಿಯ ಕಡೆಗೆ ಹೊರಟುಹೋದಳು. ಆಮೇಲೆ ಬರಲೇ ಇಲ್ಲ.

ಇಷ್ಟಾದ ಮೇಲೂ ಆಕೆ ಆ ಸುಯ್ ಅನ್ನುವ ಸದ್ದು ಹೇಗೆ ಮಾಡುತ್ತಾಳೆ? ಆ ಕೈ ರೊಟ್ಟಿ ಹೇಗೆ ಹಾಕುತ್ತದೆ? ನನಗಾದದ್ದು ಹೇಸಿಗೆಯೋ ಭಯವೋ ತಿಳಿಯದು, ಈಳಿಗೆಯನ್ನು ಮತ್ತೆ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಚಾವಡಿಗೆ ಬಂದರು. ಇಬ್ಬರು ಆಳುಗಳು ಹಗ್ಗ, ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದರು. ಗಂಡಸರು ಕಟ್ಟೆಯ ಸುತ್ತ, ಹೆಂಗಸರಾದ ನಾವು ಗುಡಿಯ ಗೋಡೆಯ ಮರೆಗೆ. ಸಾಹೇಬರು ನಾಯಿಗಳು ಎಲ್ಲಿ ಎಂದು ಕೇಳಿದರು. ಆಯಿ ಮುಂದೆ ಬಂದು, ನಡುವೆ ನಿಂತು, ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟಳು. ಒಂದೊಂದಾಗಿ ಬಂದವು. ಹದಿನೈದು ಹದಿನಾರು ಇದ್ದಿರಬೇಕು. ಹಸಿರು, ಕೆಂಪು, ರುಮಾಲಿನ ಬಿಳಿ, ಎಲ್ಲವುಗಳ ಕೊರಳಲ್ಲೂ ಪಟ್ಟಿ. ಆಕೆಯ ಸುತ್ತ ಕುಳಿತವು. ನಂಬಿ ಬಂದು ಕುಳಿತವು.

ಸಾಹೇಬರು ಕೆಟ್ಟವರೇನಲ್ಲ. ಅವರ ಮುಖದಲ್ಲೂ ನಗು ಬಂತು. "ಏನಜ್ಜಿ, ಮದುವಿ ಐತೇನು ಇವುಗಳದ್ದು?"

ಜನ ನಕ್ಕರು. ಕಟ್ಟೆಯ ಮೇಲಿಂದ ಅಂಗಡಿಯವನೊಬ್ಬ, "ಮಮ್ಮಗನ್ನ ತಿಂದ ಜಾತಿಗೆ ದಾಗೀನ ಹಾಕ್ಯಾಳ್ರಿ" ಅಂದ. ನಗು ಅಲ್ಲಿಗೇ ನಿಂತುಹೋಯಿತು.

ಆಯಿ ಅವನ ಕಡೆ ನೋಡಲಿಲ್ಲ. ಸಾಹೇಬರಿಗೆ ಹೇಳಿದಳು: "ಖರೆ ಐತ್ರಿ. ಆ ನಾಯಿಗಿ ಹುಚ್ಚ ಹಿಡದಿತ್ತು. ಅದನ್ನ ಬಡದು ಕೊಲ್ಲೋವಾಗ ಹಗ್ಗ ಹಿಡಕೊಂಡಾಕಿ ನಾನ. ಇವತ್ತೂ ಹಿಡೀತೀನಿ, ಹುಚ್ಚ ಹಿಡದದ್ದು ಯಾವುದೈತಿ ತೋರಸ್ರಿ." ಎಂದವಳೇ ಮಣ್ಣಿನ ಪರಾತದಲ್ಲಿ ನೀರು ತಂದು ನೆಲಕ್ಕಿಟ್ಟಳು. ಹುಚ್ಚು ಹಿಡಿದ ನಾಯಿ ನೀರಿಗೆ ಅಂಜುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಒಂದಾದ ಮೇಲೆ ಒಂದು ಬಂದು ಲೊಚಲೊಚ ಕುಡಿದವು. ಅಷ್ಟು ಜನ ಸೇರಿದ್ದಲ್ಲಿ ಆ ನಾಲಗೆಯ ಸದ್ದೊಂದೇ ಕೇಳುತ್ತಿತ್ತು. ಯಾರದೋ ಮನೆಯ ಹೆಂಗಸು ನನ್ನ ಪಕ್ಕದಲ್ಲಿ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು.

ಸಾಹೇಬರು ತಲೆದೂಗಿದರು. ಆದರೆ ಹುಕುಂ ಹುಕುಮೇ. "ಪಟ್ಟಿ ಅದಾವ, ಸರಿ. ಮಾಲೀಕ ಯಾರು?" ಎಂದು, ಎಲ್ಲಕ್ಕಿಂತ ಮುಂದೆ ಇದ್ದ ಕೆಂದ ನಾಯಿಯ ಕಡೆ ಬೆತ್ತ ತೋರಿಸಿದರು. "ಇದು ಯಾರದು?"

ನಮ್ಮ ಮಾವನವರು ಅಲ್ಲೇ ಕಟ್ಟೆಯ ಮೇಲೆ ಇದ್ದರು. ಅವರಿಗೆ ಅದು ಯಾರ ತಿಪ್ಪೆಯ ನಾಯಿ ಎಂದು ಗೊತ್ತು. ಅವರು ತಮ್ಮ ಕಾಲಿನ ಕೆರದ ಕಡೆ ನೋಡುತ್ತಿದ್ದರು. ಜಿಮ್ಮೇದಾರಿ ಅಂದರೆ ಯಾರಿಗೆ ಬೇಕು? ಆಳು ಹಗ್ಗದ ಕುಣಿಕೆ ಸಡಿಲಿಸಿದ. ಕುಣಿಕೆ ಅವ್ವನ ದಡಿಯ ಮೇಲೆ ಬಂದು ಕೂತಿತು.

"ನಮ್ಮದರಿ."

ಅಂದವಳು ನಾನೇ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮಾವನೆದುರು ಅಲ್ಲಿಯವರೆಗೆ ನಾನು ಕೆಮ್ಮಿದವಳಲ್ಲ. ಹೆಂಗಸರೆಲ್ಲ ನನ್ನಿಂದ ಒಂದು ಹೆಜ್ಜೆ ಸರಿದು ನಿಂತಿದ್ದರು. ಸಾಹೇಬರು, "ಯಾರವ್ವ ಆಕಿ?" ಎಂದು ಕೇಳಿದರು.

ಮಾವನವರು ನಿಧಾನಕ್ಕೆ ಎದ್ದರು. "ನನ್ನ ಸೊಸಿರಿ."

"ನಾಯಿ ನಿಮ್ಮದೇನು?"

ಮಾವನವರು ಗೋಡೆಯ ಕಡೆ ನೋಡಿದರು, ನಾಯಿಯ ಕಡೆ ನೋಡಿದರು. ಅಲ್ಲ ಎಂದರೆ ನಾಯಿ ಹೋಗುವುದಲ್ಲದೆ ನಾನೂ ಕಿನ್ನಾಳದ ದಾರಿ ಹಿಡಿಯಬೇಕಾಗುತ್ತಿತ್ತು.

"ಕೊರಳಾಗ ಇರೂದು ನಮ್ಮ ಬೀಗತಿ ಸೀರಿ ದಡಿರಿ," ಅಂದರು. "ಬರಕೊಳ್ರಿ."

ಅದಾದ ಮೇಲೆ ಗಾಣದವನ ಮೇಲೆ ಅವನ ಹೆಂಡತಿ ಗೋಡೆಯ ಮರೆಯಿಂದ ಸಣ್ಣ ಕಲ್ಲು ಒಗೆದಳು. ಅವನು ಎದ್ದು ತನ್ನದೆಂದ. ಕುಂಬಾರ ಎದ್ದ. ಗೌಡರು ಗಂಟಲು ಸರಿಮಾಡಿಕೊಂಡು, ತಮ್ಮ ತಾಯಿಯ ಪತ್ತಲ ಬೀದಿಯಲ್ಲಿ ಬೀಳುವುದು ಸರಿಯಲ್ಲ ಅಂದರು. ಒಬ್ಬೊಬ್ಬರಾಗಿ ಎಲ್ಲ ಬರೆಸಿದರು.

ಮೂರು ಉಳಿದವು. ಮಂಟಪದ ಮೂರು.

"ಅವು ನನ್ನವು," ಎಂದಳು ಆಯಿ. ಆಕೆಯ ಮುಖ ಅರಳಿತ್ತು.

"ನಿನ್ನ ಮನಿ ಯಾವುದು?"

"ಆ ಮಂಟಪ."

"ಅದು ಸರ್ಕಾರದ್ದು ಅಜ್ಜಿ. ಮನಿ ಇಲ್ಲ, ಊರಿಲ್ಲ. ನಾಳೆ ನೀ ಎದ್ದು ಹೋದ್ರ ಜಿಮ್ಮೇದಾರಿ ಯಾರದು? ನಿನ್ನ ಹೆಸರಿಗೆ ಬರಿಯಾಕ ಬರೂದಿಲ್ಲ."

ಆಯಿ ಒಮ್ಮೆ ಎಲ್ಲರ ಕಡೆ ನೋಡಿದಳು. ಬೇಡುವ ನೋಟವಲ್ಲ. ಯಾರು ಹೇಳುತ್ತಾರೋ ಎಂದು ಕಾಯುವ ನೋಟ. ಅದು ಗೋಡೆಯ ಮೇಲಿಂದ ನನ್ನ ಮೇಲೆ ಬಂತು. ನಾನು ಮಾವನವರ ಮುಖ ನೋಡಿದೆ. ಅವರ ಮೀಸೆಯ ತುದಿ ನಡುಗುತ್ತಿತ್ತು. ನಾನು ಸೆರಗು ಮುಂದಕ್ಕೆ ಎಳೆದುಕೊಂಡು ತಲೆ ತಗ್ಗಿಸಿದೆ.

ಆ ಮೂರು ನಾಯಿಗಳಿಗೆ ಹಗ್ಗವೇ ಬೇಕಾಗಲಿಲ್ಲ. ಆಳು ಬುಟ್ಟಿಯೊಳಗಿನ ರೊಟ್ಟಿ ತೋರಿಸಿದ. ಬಾಲ ಅಲ್ಲಾಡಿಸುತ್ತಾ ಅವನ ಹಿಂದೆ ಊರ ಹೊರಗೆ ಹೋದವು. ಅವುಗಳನ್ನು ಆಯಿಯೇ ಕರೆದು ತಂದಿದ್ದಳಲ್ಲ. ಆಕೆ ನೀರಿನ ಪರಾತದ ಪಕ್ಕ ನಿಂತೇ ಇದ್ದಳು. ಅತ್ತಿದ್ದರೆ, ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ಹೊತ್ತು ಮುಳುಗುವ ಮೊದಲು ಆಕೆ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತಳು. ಕೈಯಲ್ಲಿ ಮೂರು ಪಟ್ಟಿ ಇದ್ದವು, ಹಳ್ಳದಲ್ಲಿ ಒಗೆದು ಹಿಂಡಿದ್ದಳು. ನಾನು ನೀರು ಕೊಟ್ಟೆ. ಮನಸ್ಸು ತಡೆಯಲಿಲ್ಲ.

"ಆಯಿ, ನಾ ಇನ್ನೊಮ್ಮಿ ಮಾತಾಡಬೇಕಿತ್ತು."

ಇಲ್ಲ ಬಿಡು ತಂಗಿ, ನೀನೇನು ಮಾಡುತ್ತಿದ್ದೆ, ಎಂದು ಆಕೆ ಹೇಳುವಳೆಂದು ನಾನು ಕಾದೆ. ಎಲ್ಲರೂ ಹಾಗೇ ಹೇಳುತ್ತಾರೆ. ಆಯಿ ನೀರು ಕುಡಿದು ಚರಿಗೆ ಕೆಳಗಿಟ್ಟಳು.

"ಹೂಂ," ಅಂದಳು. "ಮಾತಾಡಬೇಕಿತ್ತು."

ಅಷ್ಟೇ. ಕೋಪವಿಲ್ಲ, ಮುನಿಸಿಲ್ಲ. ಬಿಸಿಲು ಇತ್ತು ಎಂದು ಹೇಳುವ ಹಾಗೆ ಹೇಳಿದಳು. ಬಳಿಕ ದಾರದ ಉಂಡೆ ಎಲ್ಲಿ ಎಂದು ಕೇಳಿ, ನನ್ನ ಕೌದಿ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಹೊಲಿಯತೊಡಗಿದಳು. ಅಂದು ನನಗಾದ ಏಟು ನನ್ನ ಜನ್ಮದಲ್ಲಿ ಬೇರೆ ಯಾರಿಂದಲೂ ಆಗಿಲ್ಲ. ಅತ್ತೆ ಬೈದಿದ್ದಾರೆ, ಗಂಡ ಒಮ್ಮೆ ಕೈಯೆತ್ತಿದ್ದಾನೆ, ಅವೆಲ್ಲ ಮರೆತುಹೋದವು.

ಮುಂದೆ ಎರಡು ಚಳಿಗಾಲ ಆಕೆ ಇದ್ದಳು. ಊರು ಸ್ವಲ್ಪ ಬದಲಾಯಿತು. ದಫ್ತರದಲ್ಲಿ ಹೆಸರು ಬಿದ್ದ ಮೇಲೆ ಹೆಂಗಸರು ತಾವಾಗಿ ಬೂದಿಗೆ ನೀರು ಚಿಮುಕಿಸಿದರು. ಮಾವನವರು ಬಂದವರಿಗೆಲ್ಲ, "ನನ್ನ ಹೆಸರಿಲೆ ಸರ್ಕಾರದಾಗ ಎಂಟು ಎಕರೆ ಎರಿ ಹೊಲ, ಒಂದು ನಾಯಿ ಐತಿ ನೋಡಪ್ಪ" ಎಂದು ಸಿಡುಕುತ್ತಿದ್ದರು. ಸಿಡುಕುತ್ತಲೇ ಊಟದ ಕೊನೆಗೆ ಒಂದು ತುತ್ತು ಎತ್ತಿಟ್ಟುಕೊಂಡು ಹೊರಗೆ ಹೋಗುತ್ತಿದ್ದರು. ಮೂರು ನಾಯಿಗಳ ಜಾಗದಲ್ಲಿ ಮಂಟಪದ ಬೂದಿಗೆ ಬೇರೆ ಎರಡು ಬಂದವು. ಆಯಿ ಅವನ್ನು ಕುಂಬಾರರ ಬಾಗಿಲಿಗೆ ಕೊಂಡೊಯ್ದು, ಅವರಿಂದ ನಮ್ಮವು ಎಂದು ಬಾಯಿಬಿಟ್ಟು ಹೇಳಿಸಿದ ಮೇಲೆಯೇ ರೊಟ್ಟಿ ಹಾಕಿದಳು.

ಆಕೆ ಸತ್ತದ್ದು ಗಾಣದವರ ಅಂಗಳದಲ್ಲಿ, ನಡುಹಗಲು, ಕೌದಿ ತೊಡೆಯ ಮೇಲೆ ಇಟ್ಟುಕೊಂಡು. ತೂಕಡಿಸುತ್ತಿದ್ದಾಳೆ ಎಂದು ಬಹಳ ಹೊತ್ತು ಯಾರೂ ಎಬ್ಬಿಸಿರಲಿಲ್ಲವಂತೆ. ಸುದ್ದಿ ಬಂದಾಗ ನಾನು ಕೂಸಿಗೆ ಹಾಲು ಕುಡಿಸುತ್ತಿದ್ದೆ. ಕೂಸನ್ನು ಹಾಗೇ ಅವಚಿಕೊಂಡು ಓಡಿದೆ.

ಎಲ್ಲಿ ಮಣ್ಣು ಮಾಡಬೇಕು ಎಂದು ಹಿರಿಯರಲ್ಲಿ ಮಾತು ಹತ್ತಿತು. ಒಂದೊಂದು ಕುಲದವರಿಗೆ ಒಂದೊಂದು ಜಾಗ ಇರುತ್ತದೆ, ಈಕೆಯವರ ಜಾಗ ನಮ್ಮೂರಲ್ಲಿ ಇರಲಿಲ್ಲ. ಸೀಮೆಯ ಆಚೆ, ಹಳ್ಳದ ದಂಡೆಯಲ್ಲಿ ಎಲ್ಲಾದರೂ ಇಟ್ಟು ಬಂದರಾಯಿತು ಅಂದರು. ಕುಚಲಾ ತಿಂದ ಆ ಮೂರು ನಾಯಿಗಳನ್ನೂ ಎಳೆದು ಹಾಕಿದ್ದು ಅಲ್ಲೇ.

ಮಾವನವರು ಕೈಕಾಲು ತೊಳೆಯಲು ಮನೆಗೆ ಬಂದರು. ನಾನು ಬಾಗಿಲ ಬಳಿ ನಿಂತು ಹೇಳಿದೆ: "ನಮ್ಮ ಹೊಲದ ಬದುವಿನ್ಯಾಗ ಜಾಗ ಐತಿ. ಅಲ್ಲಿ ಇಡೂಣ್ರಿ."

ಅವರು ನನ್ನನ್ನು ದಿಟ್ಟಿಸಿದರು. "ತಲಿ ನೆಟ್ಟಗೈತೇನು? ಯಾರ್ಯಾರನ್ನೋ ತಂದು ಹೊಲದಾಗ ಇಟ್ಟರ ನಾಳೆ ಜನ ಏನಂತಾರ? ಇದರಾಗ ಹೆಣಮಕ್ಕಳು ಬರಬಾರದು. ಒಳಗ ನಡಿ."

ಅತ್ತೆ ನನ್ನ ಸೆರಗು ಹಿಂದಿನಿಂದ ಎಳೆದರು. ಕೂಸು ಅಳುತ್ತಿತ್ತು. ಕಾಲು ಒಳಗೆ ಹೋಗಲು ತಾವಾಗಿಯೇ ತಿರುಗಿದವು, ಅದೂ ನಿಜ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

"ನಮ್ಮ ಹೊಲದ ಬದುವಿನ್ಯಾಗ ಇಡೂಣ್ರಿ," ಎಂದು ಇನ್ನೊಮ್ಮೆ ಹೇಳಿದೆ.

ಮಾವನವರು ಚರಿಗೆ ಹಿಡಿದುಕೊಂಡು ಅಂಗಳದಲ್ಲಿ ನಿಂತೇ ಇದ್ದರು. ನೀರೆಲ್ಲ ಅವರ ಕಾಲ ಮೇಲೆ ಸುರಿದು ಮುಗಿಯಿತು. ಕೊನೆಗೆ ನನ್ನ ಕಡೆ ನೋಡದೆ ಅತ್ತೆಯನ್ನು ಕೇಳಿದರು:

"ಗುದ್ದಲಿ ಎಲ್ಲೈತಿ?"